ನಾಲ್ಕನೆಯ ಸಿಲಿಂಡರಿನ ಸದ್ದು

ಇಂಜಿನ್ನಿನ ಸದ್ದು ಕೇಳಿದರೆ ಸಾಕು, ರೋಗ ಹೇಳಿಬಿಡುತ್ತೇನೆ ಎಂಬ ಜಂಬ ನನಗೆ ಆಗ ವಿಪರೀತ ಇತ್ತು. ಮಧುಗಿರಿ ಮೋಟಾರು ಸ್ಟ್ಯಾಂಡಿನ ಹಿಂದೆ ತಗಡಿನ ಷೆಡ್ಡು ಹಾಕಿಕೊಂಡು ರಿಪೇರಿ ಮಾಡುತ್ತಿದ್ದೆ. ಉದ್ದನೆಯ ಸ್ಕ್ರೂಡ್ರೈವರಿನ ಮೂತಿಯನ್ನು ಇಂಜಿನ್ನಿಗೆ ಒತ್ತಿ, ಮರದ ಹಿಡಿಯನ್ನು ಕಿವಿಗೆ ಕೊಟ್ಟು, ಕಣ್ಣು ಮುಚ್ಚಿ ನಿಂತೆನೆಂದರೆ ಸುತ್ತ ನೆರೆದವರು ಮಾತು ನಿಲ್ಲಿಸುತ್ತಿದ್ದರು. ಸಿರಾದಿಂದಲೂ ಕೊರಟಗೆರೆಯಿಂದಲೂ ಗಾಡಿಗಳು ಬರುತ್ತಿದ್ದವು. ಆ ಜಂಬಕ್ಕೆ ಬಿದ್ದ ಏಟಿನ ಕತೆ ಇದು. ಏಟು ಮೊದಲು ಬಿದ್ದದ್ದು ನನಗಲ್ಲ, ಇನ್ನೊಬ್ಬನಿಗೆ. ಇವತ್ತಿಗೂ ಚುಚ್ಚುವುದು ಅದೇ.

ಈ ಕತೆಯ ಕಾರು, ಮೋಟಾರು ಸ್ಟ್ಯಾಂಡಿನ ಎದುರು ಮನೆಯ ಅಮ್ಮಾವ್ರದು. ಯಜಮಾನರು ತೀರಿಕೊಂಡಾಗ ನೆಂಟರೆಲ್ಲ ಕಾರು ಮಾರಿಬಿಡಿ ಎಂದರಂತೆ. ಅಮ್ಮಾವ್ರು ಕೇಳಲಿಲ್ಲ. ಹಣೆತುಂಬ ವಿಭೂತಿ ಧರಿಸಿ, ಬೆಳಗಿನ ಪೂಜೆ ಮುಗಿಸಿ, ಜಗಲಿಯ ಮೇಲೆ ಕುಳಿತು ಆ ಕಾರನ್ನು ದಿನಾ ಪಾವಗಡಕ್ಕೆ ಪ್ಯಾಸೆಂಜರ್ ಸರ್ವಿಸ್ ಬಿಡುತ್ತಿದ್ದರು. ಅದು ಇಪ್ಪತ್ತು ವರ್ಷ ಹಳೆಯ ಅಮೆರಿಕದ ಟೂರಿಂಗ್ ಕಾರು. ನಾಲ್ಕು ಸಿಲಿಂಡರು. ನೀರಿಗೆ ಪಂಪಿಲ್ಲ, ಇಂಜಿನ್ನಿನ ಸುತ್ತ ಕಾದ ನೀರು ತಾನೇ ಮೇಲೇರಿ ರೇಡಿಯೇಟರಿಗೆ ಹೋಗಿ, ಆರಿ, ಕೆಳಗಿನಿಂದ ತಾನೇ ವಾಪಸು ಬರಬೇಕು. ಯುದ್ಧದ ಕಾಲ ಬೇರೆ. ಬಿಡಿಭಾಗ ಎಂಬುದು ಕಣ್ಣಿಗೆ ಬೀಳುತ್ತಿರಲಿಲ್ಲ, ಇಂಜಿನ್ ಆಯಿಲಿನ ಡಬ್ಬಿಯನ್ನು ಜನ ತುಪ್ಪದ ಗಡಿಗೆಯ ಹಾಗೆ ಒಳಗೆ ಬಚ್ಚಿಡುತ್ತಿದ್ದರು.

ಯಜಮಾನರ ಕಾಲದಿಂದ ಹದಿನೈದು ವರ್ಷ ಆ ಕಾರನ್ನು ಓಡಿಸುತ್ತಿದ್ದವನು ಒಬ್ಬನೇ ಡ್ರೈವರು. ಐ.ಡಿ.ಹಳ್ಳಿ ಕಡೆಯವನು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವನು. ನಾವೆಲ್ಲ ಡ್ರೈವರಣ್ಣ ಎನ್ನುತ್ತಿದ್ದೆವು. ಪಾವಗಡದ ಓಡಾಟದಿಂದ ಅವನ ಮಾತಿಗೆ ತೆಲುಗು ಅಂಟಿಕೊಂಡಿತ್ತು, ಮನಸ್ಸಿಗೆ ನೋವಾದರಂತೂ ಕನ್ನಡವೇ ಮರೆತುಹೋಗುತ್ತಿತ್ತು. ಒಂದು ಬೆಳಿಗ್ಗೆ ಅವನು ಷೆಡ್ಡಿಗೆ ಬಂದು ನಿಂತ.

"ಮೇಸ್ತ್ರಿ, ಮಿಡಿಗೇಶಿ ದಾಟಿ ಏರು ಹತ್ತುವಾಗ ಒಳಗಿಂದ ಯಾರೋ ಒನಕೇಲಿ ಕುಟ್ಟದಂಗೆ ಸದ್ದು ಬತ್ತೈತೆ. ಬೆಂಕಿ ಲಿವರ್ ಹಿಂದಕ್ಕೆಳುದ್ರೂ ನಿಲ್ಲಕಿಲ್ಲ" ಎಂದ.

ಆ ಕಾಲದ ಕಾರುಗಳಲ್ಲಿ ಸ್ಟೀರಿಂಗಿನ ಕೆಳಗೆ ಒಂದು ಸಣ್ಣ ಲಿವರ್ ಇರುತ್ತಿತ್ತು. ಪ್ಲಗ್ಗಿನ ಕಿಡಿ ಬೇಗ ಹಾರಬೇಕೋ ತಡವಾಗಿ ಹಾರಬೇಕೋ ಎಂಬುದು ಅದರ ಕೈಯಲ್ಲಿ. ಕಿಡಿ ಬೇಗ ಹಾರಿ ಇಂಜಿನ್ ಕುಟ್ಟುತ್ತಿದ್ದರೆ ಲಿವರ್ ಹಿಂದಕ್ಕೆಳೆದ ತಕ್ಷಣ ಸದ್ದು ಅಡಗಬೇಕು. ಅಡಗಲಿಲ್ಲ ಎಂದರೆ ಕಿಡಿಯ ತಪ್ಪಲ್ಲ. ಹಾಗಾದರೆ ಇನ್ನೇನು, ಬೇರಿಂಗು. ನನ್ನ ತಲೆಯಲ್ಲಿ ತೀರ್ಪು ಅಲ್ಲಿಗೇ ಬರೆದಾಗಿತ್ತು.

ಆದರೂ ಶಾಸ್ತ್ರಕ್ಕೆ ಒಂದು ಸುತ್ತು ಹೋದೆವು. ಊರು ದಾಟುವವರೆಗೆ ಇಂಜಿನ್ ಹಾಲು ಕುಡಿದ ಮಗುವಿನ ಹಾಗೆ ಸುಮ್ಮನಿತ್ತು. ಏಳೆಂಟು ಮೈಲಿ ಆದ ಮೇಲೆ, ಒಂದು ಏರಿನಲ್ಲಿ, ಧಡ್ ಧಡ್ ಎಂದು ಕುಟ್ಟತೊಡಗಿತು. ಕಿವಿಗೆ ಸ್ಕ್ರೂಡ್ರೈವರ್ ಒತ್ತುವ ಅಗತ್ಯವೂ ಇರಲಿಲ್ಲ. ಅಲ್ಲೇ ನಿಲ್ಲಿಸಿ ಪ್ಲಗ್ಗುಗಳ ವೈರನ್ನು ಒಂದೊಂದಾಗಿ ಬಿಚ್ಚಿ ನೋಡುವುದು ಕ್ರಮ. ಬೇರಿಂಗಿನ ಸದ್ದಾದರೆ ಆ ಸಿಲಿಂಡರಿನ ವೈರು ಬಿಚ್ಚಿದಾಗ ಮೆತ್ತಗಾಗುತ್ತದೆ. ನನ್ನ ಕೈಕೆಳಗೆ ಕಲಿತವರಿಗೆಲ್ಲ ನಾನೇ ಇದನ್ನು ಹೇಳಿಕೊಟ್ಟಿದ್ದೆ. ಅವತ್ತು ಮಾಡಲಿಲ್ಲ. ಕಿವಿಯೇ ಹೇಳುತ್ತಿರುವಾಗ ವೈರು ಯಾಕೆ ಬಿಚ್ಚಬೇಕು ಎಂಬ ಧಿಮಾಕು.

ವಾಪಸು ಬಂದಾಗ ಅಮ್ಮಾವ್ರು ಜಗಲಿಯ ಮೇಲೇ ಇದ್ದರು. ಪಾವಗಡಕ್ಕೆ ಹೊರಟ ಜನ ಗಂಟುಮೂಟೆ ಇಟ್ಟುಕೊಂಡು ಕಾಯುತ್ತಿದ್ದರು. ಪಕ್ಕದ ಕಾಫಿ ಹೋಟೆಲಿನವನೂ ಬಂದು ನಿಂತಿದ್ದ. ಹತ್ತು ಹನ್ನೆರಡು ಜನರ ಮುಂದೆ ನಾನು ಕೈ ಒರೆಸಿಕೊಳ್ಳುತ್ತಾ, "ಬೇರಿಂಗ್ ಹೋಗೈತೆ ಅಮ್ಮಾವ್ರೇ. ಎಣ್ಣೆ ಇಲ್ದೆ ಓಡಿಸಿದ್ರೆ ಇಂಗೇ ಆಗೋದು" ಎಂದೆ.

ಡ್ರೈವರಣ್ಣ ದಿನಾ ಬೆಳಿಗ್ಗೆ ನೋಡಿಯೇ ಎಣ್ಣೆ ಹಾಕುತ್ತೇನೆ, ಬೇಕಾದರೆ ಈಗಲೇ ನೋಡಿ ಎಂದ. ಅಲ್ಲಿಗಾದರೂ ಬಾಯಿ ಮುಚ್ಚಬಹುದಿತ್ತು. ಮುಚ್ಚಲಿಲ್ಲ. "ಇವತ್ತು ತುಂಬೈತೆ. ಹೋದ ವಾರ ಇತ್ತೋ ಇಲ್ವೋ ಯಾರು ಕಂಡೋರು?" ಎಂದುಬಿಟ್ಟೆ. ಅವನು ನನ್ನ ಮುಖ ನೋಡಿದ, ಆಮೇಲೆ ಅಮ್ಮಾವ್ರ ಕಡೆ ತಿರುಗಿದ. "ನೇನು ಅಟ್ಲಾ ಚೇಯಲೇದು ಅಮ್ಮಾ" ಎಂದ. ನಾನು ಹಾಗೆ ಮಾಡಲಿಲ್ಲ ಎಂದು ತೆಲುಗಿನಲ್ಲಿ, ಅಷ್ಟೇ.

ಅಮ್ಮಾವ್ರು, ಹ್ಯಾಂಡಲು ಇಲ್ಲಿಡಪ್ಪ, ರಿಪೇರಿ ಆಗುವವರೆಗೂ ಊರಿಗೆ ಹೋಗಿರು ಎಂದರು. ಇಂಜಿನ್ನು ತಿರುಗಿಸಿ ಚಾಲೂ ಮಾಡುವ ಆ ಕಬ್ಬಿಣದ ಹ್ಯಾಂಡಲನ್ನು ಅವನು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ಹೆಗಲ ಮೇಲಿನ ವಸ್ತ್ರದಿಂದ ಅದನ್ನು ಒರೆಸಿ, ಜಗಲಿಯ ಅಂಚಿನಲ್ಲಿಟ್ಟು, ಐ.ಡಿ.ಹಳ್ಳಿ ದಾರಿ ಹಿಡಿದು ನಡೆದುಹೋದ. ಸಂಜೆಯ ಹೊತ್ತಿಗೆ ಕಾಫಿ ಹೋಟೆಲಿನಲ್ಲಿ ಮಾತು ಬೆಳೆದಿತ್ತು. ಇಂಜಿನ್ನಿಗೆ ಎಣ್ಣೆ ಹಾಕಿಲ್ಲ ಎಂದರೆ ಆ ಎಣ್ಣೆ ಎಲ್ಲಿ ಹೋಯಿತು? ಡ್ರೈವರು ಮಾರಿಕೊಂಡಿದ್ದಾನೆ. ಹಾಗಂತ ನಾನು ಹೇಳಿರಲಿಲ್ಲ, ನಿಜ. ಅಲ್ಲ ಅಂತಲೂ ಹೇಳಲಿಲ್ಲ. ಎಣ್ಣೆ ಕಳ್ಳ ಎಂಬ ಹೆಸರು ಬಿದ್ದ ಡ್ರೈವರನ್ನು ಆ ಕಾಲದಲ್ಲಿ ಪಾವಗಡದಿಂದ ಸಿರಾದವರೆಗೆ ಯಾವ ಯಜಮಾನನೂ ಬಾಗಿಲ ಬಳಿ ಸೇರಿಸುತ್ತಿರಲಿಲ್ಲ.

ಮಾರನೆಯ ದಿನ ಇಂಜಿನ್ನಿನ ಕೆಳಗೆ ಮಲಗಿ ಎಣ್ಣೆ ಇಳಿಸಿದೆ. ಬೇರಿಂಗು ಹೋಗಿದ್ದರೆ ಎಣ್ಣೆಯಲ್ಲಿ ಬಿಳಿ ಲೋಹದ ಪುಡಿ ಮಿನುಗಬೇಕು. ಬಟ್ಟೆಯಲ್ಲಿ ಸೋಸಿದೆ, ಬಿಸಿಲಿಗೆ ಹಿಡಿದು ನೋಡಿದೆ, ಏನೂ ಇಲ್ಲ. ಇರಲಿ ಎಂದು ಅಡಿಯ ತೊಟ್ಟಿಯನ್ನು ಬಿಚ್ಚಿದೆ. ಪಿಸ್ಟನ್ನಿನ ರಾಡುಗಳನ್ನು ಒಂದೊಂದಾಗಿ ಹಿಡಿದು ಮೇಲಕ್ಕೂ ಕೆಳಕ್ಕೂ ಅಲ್ಲಾಡಿಸಿದೆ. ಒಂದು ಕೂದಲೆಳೆಯಷ್ಟೂ ಆಟವಿಲ್ಲ. ಬೇರಿಂಗು ಬಿಚ್ಚಿ ಬೆರಳಾಡಿಸಿದರೆ ನುಣ್ಣಗೆ ಅಂಗೈಯಂತಿವೆ. ಹದಿನೈದು ವರ್ಷ ಹೊಟ್ಟೆತುಂಬ ಎಣ್ಣೆ ಕುಡಿದ ಇಂಜಿನ್ನು ಅದು.

ಆದರೆ ಜಂಬ ಅಷ್ಟು ಸುಲಭಕ್ಕೆ ಸಾಯುವುದಿಲ್ಲ ನೋಡಿ. ಪಿಸ್ಟನ್ನಿನ ಪಿನ್ನು ಸವೆದಿರಬೇಕು ಎಂದುಕೊಂಡೆ. ಅದೂ ಎಣ್ಣೆಯ ಕೊರತೆಯಿಂದಲೇ ತಾನೇ ಆಗುವುದು ಎಂದು ಸಮಾಧಾನವೂ ಮಾಡಿಕೊಂಡೆ. ಪಿನ್ನುಗಳನ್ನೂ ನೋಡಿದೆ. ಅವೂ ಬಿಗಿಯಾಗಿದ್ದವು. ಎರಡು ದಿನ ಹೀಗೆ ಕಳೆದು, ಎಲ್ಲ ಮತ್ತೆ ಜೋಡಿಸಿ, ಸೋಸಿದ ಎಣ್ಣೆಯನ್ನೇ ವಾಪಸು ಹಾಕಿ, ಒಬ್ಬನೇ ಪಾವಗಡದ ದಾರಿ ಹಿಡಿದೆ. ಜಗಲಿಯಿಂದ ಅಮ್ಮಾವ್ರು ಏನಾಯಿತು ಎಂದು ಕೇಳಿದರು. ನೋಡುತ್ತಿದ್ದೇನೆ ಎಂದು ತಲೆ ತಗ್ಗಿಸಿಕೊಂಡು ಹೊರಟೆ.

ಎಂಟನೆಯ ಮೈಲಿಗೆ ಸದ್ದು ಶುರುವಾಯಿತು. ಈ ಸಲ ಏರಿನ ನಡುವೆಯೇ ನಿಲ್ಲಿಸಿ, ಇಂಜಿನ್ ಚಾಲೂ ಇರುವಾಗಲೇ ಇಳಿದು, ಮೊದಲ ಪ್ಲಗ್ಗಿನ ವೈರು ಕಿತ್ತು, ಕಾರನ್ನು ಸ್ವಲ್ಪ ದೂರ ಏರು ಹತ್ತಿಸಿದೆ. ಕಾರು ಕುಂಟಿತು, ಸದ್ದು ಹಾಗೇ ಇತ್ತು. ಅದನ್ನು ಮತ್ತೆ ಸಿಕ್ಕಿಸಿ ಎರಡನೆಯದು, ಮೂರನೆಯದು, ಅದೇ ಕತೆ. ನಾಲ್ಕನೆಯದನ್ನು ಕಿತ್ತಾಗ ಕಾರು ಕುಂಟಲೇ ಇಲ್ಲ. ಆ ಪ್ಲಗ್ಗಿಗೆ ಕಿಡಿಯೇ ಇಲ್ಲ, ಆದರೂ ಆ ಸಿಲಿಂಡರು ಉರಿಯುತ್ತಿದೆ, ಕುಟ್ಟುತ್ತಿದೆ! ಅರ್ಧ ಫರ್ಲಾಂಗು ಹಾಗೇ ಹೋದೆ. ಸ್ವಿಚ್ಚು ಆರಿಸಿದೆ. ಇಂಜಿನ್ನು ನಿಲ್ಲದೆ ಇನ್ನೂ ನಾಲ್ಕಾರು ಸುತ್ತು ಗಡಗಡ ತಿರುಗಿ, ಆಮೇಲೆ ನಿಂತಿತು.

ನಾನು ರಸ್ತೆ ಪಕ್ಕದ ಕಲ್ಲಿನ ಮೇಲೆ ಕೂತೆ. ಕಿಡಿಯಿಲ್ಲದೆ ಪೆಟ್ರೋಲು ಹತ್ತಿಕೊಳ್ಳಬೇಕಾದರೆ ಒಳಗೆ ಎಲ್ಲೋ ಕೆಂಡದಂತೆ ಕಾದ ಜಾಗ ಇರಬೇಕು. ಅದು ಕಿಡಿಯ ಸರದಿಗೆ ಕಾಯದೆ ಮೊದಲೇ ಬೆಂಕಿ ಹಚ್ಚುತ್ತದೆ, ಮೇಲೆ ಬರುತ್ತಿರುವ ಪಿಸ್ಟನ್ನಿನ ತಲೆಗೆ ಏಟು ಬೀಳುತ್ತದೆ. ಲಿವರ್ ಎಳೆದರೂ ನಿಲ್ಲದ ಸದ್ದು, ಕಾದ ಮೇಲೆ ಮಾತ್ರ ಬರುವ ಸದ್ದು, ಇದೇ. ಡ್ರೈವರಣ್ಣ ಮೊದಲ ದಿನ ಹೇಳಿದ ಮಾತಿನಲ್ಲೇ ಅರ್ಧ ಉತ್ತರ ಇತ್ತು. ಕಾರಿನಲ್ಲಿದ್ದ ಚೊಂಬಿನಿಂದ ಇಂಜಿನ್ನಿನ ತಲೆಯ ಮೇಲೆ ಮುಂದಿನಿಂದ ಹಿಂದಕ್ಕೆ ಹನಿಹನಿ ನೀರು ಬಿಟ್ಟೆ. ಮುಂದುಗಡೆ ಹನಿ ನಿಧಾನಕ್ಕೆ ಆರಿತು. ನಾಲ್ಕನೆಯ ಸಿಲಿಂಡರಿನ ಮೇಲೆ, ದೋಸೆಯ ಕಾವಲಿಗೆ ನೀರು ಚಿಮುಕಿಸಿದ ಹಾಗೆ, ಚುಂಯ್ ಎಂದು ಹಾರಿಹೋಯಿತು. ಆ ಸಿಲಿಂಡರಿನ ಸುತ್ತ ನೀರು ಓಡುತ್ತಿಲ್ಲ.

ಷೆಡ್ಡಿಗೆ ಬಂದು, ಇಂಜಿನ್ ಆರುವವರೆಗೆ ಕಾದು, ತಲೆ ಬಿಚ್ಚಿದೆ. ನಡುವಿನ ತಾಮ್ರದ ಗ್ಯಾಸ್ಕೆಟ್ ಹರಿದರೆ ಇನ್ನೊಂದು ಸಿಕ್ಕುವುದಿಲ್ಲ ಎಂದು, ಬಾಣಂತಿಯ ಮಗು ಎತ್ತಿದಷ್ಟು ನಾಜೂಕಾಗಿ ಎತ್ತಿ ಪಕ್ಕಕ್ಕಿಟ್ಟೆ. ನೀರು ಹರಿಯುವ ತೂತುಗಳು ಮುಂದುಗಡೆ ಚೆನ್ನಾಗಿದ್ದವು. ಹಿಂದೆ ಹೋದಂತೆ ಕಿರಿದಾಗಿ, ನಾಲ್ಕನೆಯದರ ಸುತ್ತ ಪೂರಾ ಮುಚ್ಚಿಹೋಗಿದ್ದವು. ಪಾವಗಡದ ಬಾವಿ ನೀರಿನ ಸುಣ್ಣ ಕಟ್ಟಿದೆ ಎಂದು ಕಂಬಿ ಹಾಕಿ ಕೆದಕಿದರೆ ಬಂದದ್ದು ಕಪ್ಪುಗಂದು ಬಣ್ಣದ ಗಟ್ಟಿ ಚಕ್ಕೆ. ಸುಣ್ಣದ ಜತೆ ಇನ್ನೇನೋ ಸೇರಿ ಬೆಂದಿತ್ತು. ಒಂದು ತುಂಡನ್ನು ಬೆರಳಲ್ಲಿ ಪುಡಿಮಾಡಿ ಮೂಸಿದೆ. ಆ ವಾಸನೆ ಎಲ್ಲೋ ಗೊತ್ತಿದ್ದ ವಾಸನೆ, ಆದರೆ ಇಂಜಿನ್ನಿನ ಹತ್ತಿರ ಮೂಗಿಗೆ ಬಂದದ್ದಲ್ಲ. ಬುದ್ಧಿಗೆ ನಿಲುಕಲಿಲ್ಲ.

ಡ್ರೈವರಣ್ಣನನ್ನು ಕೇಳದೆ ಗತಿಯಿರಲಿಲ್ಲ. ಚಕ್ಕೆಯನ್ನು ಕಾಗದದಲ್ಲಿ ಸುತ್ತಿಕೊಂಡು ಬೆಳಿಗ್ಗೆಯೇ ಸೈಕಲ್ ತುಳಿದೆ. ಅವನ ಮನೆಯ ಮುಂದೆ ಗಂಡಹೆಂಡಿರು ಕಡಲೆಕಾಯಿ ಬಿಡಿಸುತ್ತಿದ್ದರು. ಅವನು ನನ್ನ ಕಂಡು ಎದ್ದು ನಿಂತ. ಆ ಅಕ್ಕ ಏಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಎಣ್ಣೆ ಮಾರಿಕೊಂಡ ಎಂಬ ಮಾತು ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಅವನ ಸೋದರಮಾವನೇ ಬಂದು ಕೇಳಿಹೋಗಿದ್ದನಂತೆ.

ಬೇರಿಂಗು ಚೆನ್ನಾಗಿದೆ, ನಾನು ಹೇಳಿದ್ದು ಸುಳ್ಳಾಯಿತು ಎಂದು ನಿಂತಲ್ಲೇ ಹೇಳಿದೆ. ಅವನು ಕೋಪ ಮಾಡಿಕೊಂಡಿದ್ದರೆ ಹಗುರಾಗುತ್ತಿತ್ತು. ಅವನೋ, ಮತ್ತೆ ಸದ್ದು ಯಾತರದು ಎಂದು ಕಾರಿನ ಆರೋಗ್ಯ ಕೇಳಿದ. ಕಾಗದ ಬಿಚ್ಚಿ ಚಕ್ಕೆ ತೋರಿಸಿದೆ. ಅವನಿಗೆ ತಿಳಿಯಲಿಲ್ಲ. ಅಕ್ಕ ಕೈ ಚಾಚಿ ತೆಗೆದುಕೊಂಡು ಒಂದು ಸಲ ಮೂಸಿ, "ತಳ ಹತ್ತಿದ ರಾಗಿ ಹಿಟ್ಟಲ್ವಾ ಇದು?" ಎಂದಳು.

ಹೌದು. ಮುದ್ದೆ ತೊಳಸಿ ಎತ್ತಿದ ಮೇಲೆ ಗಡಿಗೆಯ ತಳದಲ್ಲಿ ಸೀದು ಕೂರುತ್ತದಲ್ಲ, ಅದೇ ವಾಸನೆ. ರಾಗಿ ಹಿಟ್ಟು ಇಂಜಿನ್ನಿನೊಳಗೆ ಹೇಗೆ ಹೋಯಿತು ಎಂದು ಕೇಳಿದೆ. ಡ್ರೈವರಣ್ಣ ನನ್ನನ್ನು ವಿಚಿತ್ರವಾಗಿ ನೋಡಿದ.

"ನೀವೇ ಹೇಳಿದ್ರಲ್ಲ ಮೇಸ್ತ್ರಿ. ಹೋದ ಬ್ಯಾಸ್ಗೇಲಿ ರೇಡಿಯೇಟರು ಸೋರ್ತಿದ್ದಾಗ, ತವರ ಸಿಕ್ಕಾಕಿಲ್ಲ, ಒಂದಿಡಿ ರಾಗಿ ಹಿಟ್ಟು ಹಾಕು, ಸೋರಿಕೆ ಮುಚ್ಕತ್ತದೆ ಅಂದ್ರಿ. ಹಾಕ್ದೆ, ನಿಂತೋಯ್ತು."

ಹೇಳಿದ್ದೆ. ಯಾವುದೋ ಅವಸರದಲ್ಲಿ, ಇನ್ನೊಂದು ಗಾಡಿಯ ಕೆಳಗೆ ಮಲಗಿಕೊಂಡು, ಅವನ ಕಡೆ ತಿರುಗಿಯೂ ನೋಡದೆ ಹೇಳಿದ್ದೆ. ಬೆಸುಗೆಗೆ ತವರ ಸಿಕ್ಕದ ಆ ಕಾಲದಲ್ಲಿ ಎಲ್ಲರೂ ಮಾಡುತ್ತಿದ್ದ ಉಪಾಯ ಅದು. ಹಿಟ್ಟು ಬಿಸಿನೀರಿನಲ್ಲಿ ಬೆಂದು ಸೋರುವ ಕಡೆ ಅಂಟಿಕೊಳ್ಳುತ್ತದೆ. ಊರು ಸೇರುವವರೆಗಿನ ಮಾತು ಅಷ್ಟೇ, ಆಮೇಲೆ ತೊಳೆದುಬಿಡಬೇಕು. ತೊಳೆಯಬೇಕು ಎಂಬುದನ್ನು ಹೇಳಿರಲಿಲ್ಲ.

ಒಂದು ಸಲ ಹಾಕಿದ್ದಕ್ಕೆ ಇಷ್ಟು ಕಟ್ಟುವುದಿಲ್ಲವಲ್ಲ ಅಣ್ಣ ಎಂದೆ. ಒಂದು ಸಲವಲ್ಲ, ಪ್ರತಿ ಸೋಮವಾರ ಎಂದಳು ಅಕ್ಕ. ಅವರ ಮನೆಯಲ್ಲಿ ರಾಗಿ ಬೀಸಿದರೆ ಮೊದಲ ಹಿಡಿ ಹಿಟ್ಟನ್ನು ಮನೆದೇವರಿಗೆ ಮೀಸಲು ತೆಗೆದಿಡುವ ಪದ್ಧತಿ. ಮೀಸಲು ತೆಗೆಯದೆ ಯಾರೂ ಉಣ್ಣುವಂತಿಲ್ಲ. ಕಾರಿನ ಸೋರಿಕೆ ನಿಂತ ದಿನದಿಂದ ಡ್ರೈವರಣ್ಣ ಎರಡನೆಯ ಹಿಡಿಯನ್ನು ಕಾರಿಗೆ ಮೀಸಲು ಮಾಡಿಸಿದ್ದ. ಅನ್ನ ಕೊಡುವ ಗಾಡಿ, ಅದರ ಪಾಲು ಅದಕ್ಕೆ ಸಲ್ಲಬೇಕು ಎಂದು. ಅಕ್ಕ ಅದನ್ನು ಬಟ್ಟೆಯಲ್ಲಿ ಜರಡಿ ಹಿಡಿದು, ನುಣ್ಣನೆಯದನ್ನೇ ಗಂಟುಕಟ್ಟಿ ಕೊಡುತ್ತಿದ್ದಳು. ಅವನು ಸೋಮವಾರ ಸ್ನಾನ ಮಾಡಿ ರೇಡಿಯೇಟರಿಗೆ ಹಾಕಿ ಕೈಮುಗಿದು ಕಾರು ಹೊರಡಿಸುತ್ತಿದ್ದ. ವರ್ಷವಿಡೀ ಒಂದು ವಾರವೂ ತಪ್ಪಿಸಿರಲಿಲ್ಲ. ಕಾರು ಸೋರಲೂ ಇಲ್ಲ.

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಹಿಟ್ಟು ಹಿಂದೆ ಹೋಗಿ ಕೂತು, ಸುಣ್ಣದ ನೀರಿನಲ್ಲಿ ಬೆಂದು, ಪದರ ಪದರವಾಗಿ ಗಟ್ಟಿಯಾದದ್ದನ್ನು ವಿವರಿಸಿದೆ. ಕೇಳುತ್ತಾ ಅವನ ಮುಖ ಬಾಡಿತು. ಹದಿನೈದು ವರ್ಷ ಸಾಕಿದ ಗಾಡಿಗೆ ತನ್ನ ಕೈಯಾರೆ ಕೆಡುಕು ಮಾಡಿದೆ ಎಂಬುದೊಂದೇ ಅವನ ತಲೆಗೆ ಹೋದದ್ದು.

"ಅಂಗಾದ್ರೆ ತಪ್ಪು ನಂದೇ ಆಯ್ತಲ್ಲ ಮೇಸ್ತ್ರಿ. ಅಮ್ಮಾವ್ರಿಗೆ ನಾನೇ ಹಾಕ್ದೆ ಅಂತ ಹೇಳ್ಬುಡಿ. ನಿಮ್ಮೆಸರು ಯಾಕೆ ತರ್ತೀರಿ, ಕೆಲ್ಸ ಮಾಡ್ಕಂಡು ತಿನ್ನೋರು."

ಅಕ್ಕ ಆಗ ನನ್ನನ್ನು ನೇರವಾಗಿ ನೋಡಿದಳು. ಒಳಗೆ ಹೋಗಿ ಮುದ್ದೆ, ಹುರುಳಿಕಾಳಿನ ಸಾರು ತಂದು ಮುಂದಿಟ್ಟಳು. ತಲೆ ತಗ್ಗಿಸಿಕೊಂಡು ಉಂಡೆ.

ಹಿಂದಕ್ಕೆ ಸೈಕಲ್ ತುಳಿಯುವಾಗ ಕೆಟ್ಟ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಎಲ್ಲ ಕೆದಕಿ ತೊಳೆದು, ಬೇರಿಂಗು ಸರಿಮಾಡಿದೆ ಎಂದುಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಅಥವಾ ಅವನೇ ಒಪ್ಪಿದ್ದಾನಲ್ಲ, ಡ್ರೈವರು ಹಿಟ್ಟು ಹಾಕಿದ ಎಂದರೆ ಅದೂ ಸುಳ್ಳಲ್ಲ. ಆದರೆ ನಿಮ್ಮೆಸರು ಯಾಕೆ ತರ್ತೀರಿ ಎಂದವನ ಹೆಸರನ್ನೇ ನಾನು ಬೀದಿಪಾಲು ಮಾಡಿದ್ದೆನಲ್ಲ. ಮಧುಗಿರಿಯ ಬೆಟ್ಟ ಕಾಣುವ ಹೊತ್ತಿಗೆ ನನ್ನ ಮೇಲೆ ನನಗೇ ಹೇಸಿಗೆಯಾಗಿ, ಹೇಳಿಯೇ ತೀರಬೇಕು ಎಂದು ನಿರ್ಧರಿಸಿದೆ.

ಮೂರು ದಿನ ಇಂಜಿನ್ನು ತೊಳೆದೆ. ಮೊದಲು ಬಗ್ಗಿಸಿದ ಕಂಬಿಯಿಂದ ಕೆದಕಿದೆ. ಆಮೇಲೆ ಸೋಡ ಹಾಕಿ ಕುದಿಸಿದ ನೀರು ತುಂಬಿಸಿ ನೆನೆಯಲು ಬಿಟ್ಟೆ. ಹಿಟ್ಟಿನ ಅಂಟು ಬಿಟ್ಟಿತು. ಸುಣ್ಣ ಬಿಡಲಿಲ್ಲ. ಅದಕ್ಕೆ ಹೆಂಗಸರು ತಾಮ್ರದ ಹಂಡೆಗೆ ಹಾಕುವ ಹಾಗೆ ಹುಣಸೆಹಣ್ಣು ಕಿವುಚಿದ ನೀರನ್ನು ಕಾಯಿಸಿ ಹೊಯ್ದೆ. ಮೂರನೆಯ ದಿನ ಹಿಂದಿನ ತೂತಿನಿಂದ ನೀರು ಧಾರೆಯಾಗಿ ಬಂತು. ತಲೆ ಮತ್ತೆ ಜೋಡಿಸಿ, ಏರು ಹತ್ತಿಸಿ ನೋಡಿದೆ. ಸದ್ದೇ ಇಲ್ಲ. ಆದರೆ ಹಿಟ್ಟೆಲ್ಲ ತೊಳೆದುಹೋದ್ದರಿಂದ ರೇಡಿಯೇಟರು ಮೂರು ಕಡೆ ಸೋರುತ್ತಿತ್ತು.

ಅಮ್ಮಾವ್ರ ಪೂಜೆ ಮುಗಿಯುವುದನ್ನು ಕಾದು, ಪಡಸಾಲೆಯಲ್ಲಿ ನಿಂತು ಎಲ್ಲವನ್ನೂ ಒಪ್ಪಿಸಿದೆ. ಬೇರಿಂಗು ಸುಳ್ಳು, ಎಣ್ಣೆ ಸುಳ್ಳು, ರಾಗಿ ಹಿಟ್ಟು ನನ್ನ ಮಾತು. ಅವರು ಕೊನೆಗೆ, "ಬೇರಿಂಗ್ ಹೋಗಿದೆ ಅಂತ ಎಲ್ಲಿ ನಿಂತು ಹೇಳಿದ್ರಿ ಮೇಸ್ತ್ರಿ?" ಎಂದರು.

ಜಗಲಿಯ ಮುಂದೆ ಎಂದೆ.

"ಹಂಗಾದ್ರೆ ಇದನ್ನೂ ಅಲ್ಲೇ ನಿಂತು ಹೇಳಿ. ನನಗೆ ಮಾತ್ರ ಹೇಳಿದ್ರೆ ನಾನು ಅವನನ್ನ ಕೆಲಸಕ್ಕೆ ಕರೀಬಹುದು. ಊರೋರ ಬಾಯಿ ಹೆಂಗೆ ಮುಚ್ಚಿಸ್ಲಿ?" ಎಂದು, "ನಂದೂ ತಪ್ಪಿದೆ. ಹದಿನೈದು ವರ್ಷ ಜತೇಲಿದ್ದೋನ ಮಾತು ಬಿಟ್ಟು ನಿಮ್ಮ ಮಾತು ನಂಬಿದೆ" ಎಂದರು.

ಅವರೇ ಹೇಳಿಕಳಿಸಿ ಡ್ರೈವರಣ್ಣನನ್ನು ಕರೆಸಿದರು. ಮಾರನೆಯ ಬೆಳಿಗ್ಗೆ, ಪಾವಗಡದ ಜನ ಸೇರುವ ಹೊತ್ತಿಗೆ, ನಾನು ಜಗಲಿಯ ಮುಂದೆ ನಿಂತೆ. ಡ್ರೈವರಣ್ಣ ಒಂದು ದಿನವೂ ಎಣ್ಣೆ ತಪ್ಪಿಸಿಲ್ಲ, ಇಂಜಿನ್ನಿನ ಒಳಗನ್ನು ಕಣ್ಣಾರೆ ನೋಡಿದ್ದೇನೆ, ನೋಡದೆ ಹೇಳಿದ್ದು ನನ್ನ ತಪ್ಪು, ಗಾಡಿ ಕೆಟ್ಟದ್ದೂ ನಾನು ಅರೆಬರೆ ಹೇಳಿದ ಮಾತಿನಿಂದ ಎಂದು ದನಿಯೆತ್ತಿ ಹೇಳಿದೆ. ರಾಗಿ ಹಿಟ್ಟಿನ ಸುದ್ದಿ ಬಂದಾಗ ಹೋಟೆಲಿನವನು ಕಿಸಕ್ಕೆಂದ. ಕಾರಿಗೂ ಮುದ್ದೆ ಉಣ್ಣಿಸಿದ ಮೇಸ್ತ್ರಿ ಎಂದು ಯಾರೋ ಅಂದರು, ಜನ ಗೊಳ್ಳೆಂದು ನಕ್ಕರು. ನಗಲಿ ಎಂದು ನಿಂತೆ. ಆ ಹೆಸರು ಬಹಳ ವರ್ಷ ನನ್ನ ಬೆನ್ನು ಬಿಡಲಿಲ್ಲ.

ಅಮ್ಮಾವ್ರು ತಾವೇ ಕೆಳಗಿಳಿದು ಬಂದು ಹ್ಯಾಂಡಲನ್ನು ಎರಡೂ ಕೈಯಲ್ಲಿ ಹಿಡಿದು ಡ್ರೈವರಣ್ಣನಿಗೆ ಕೊಟ್ಟರು. ಅವನು ಕಣ್ಣಿಗೊತ್ತಿಕೊಂಡ. ಕಾರಿನ ಮುಂದಕ್ಕೆ ಹೋದವನು ಹ್ಯಾಂಡಲು ಹಾಕದೆ ಬಗ್ಗಿ ರೇಡಿಯೇಟರನ್ನೇ ನೋಡುತ್ತಾ ನಿಂತ. ಕೆಳಗೆ ನೆಲದ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಅಷ್ಟು ಜನರ ನಡುವೆ ನನ್ನನ್ನು ಹುಡುಕಿ ಕರೆದ.

"ಮೇಸ್ತ್ರಿ, ಇದು ಇನ್ನೂ ಸೋರ್ತಾ ಐತಲ್ಲ. ಈಗ ಏನ್ ಹಾಕ್ಲಿ?"

ಅವನ ದನಿಯಲ್ಲಿ ಕೊಂಕಿರಲಿಲ್ಲ. ಊರ ಮುಂದೆ ತನ್ನ ಮಾನ ಕಳೆದ ನನ್ನನ್ನೇ ಮತ್ತೆ ಕೇಳುತ್ತಿದ್ದ. ನಾನು ಏನು ಹೇಳಿದರೂ ಹಾಗೇ ಮಾಡುವವನಿದ್ದ. ನನಗೆ ಕಣ್ಣು ತುಂಬಿಬಂತು. ಅರಿಸಿನ, ಹಸುವಿನ ಸಗಣಿ, ಮೊಟ್ಟೆಯ ಲೋಳೆ, ಕೇಳಿದ್ದ ಉಪಾಯಗಳೆಲ್ಲ ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂದು ನಿಂತವು.

"ಗೊತ್ತಿಲ್ಲಣ್ಣ. ನಾನೂ ಜತೇಲಿ ಬತ್ತೀನಿ, ನೋಡ್ಬುಟ್ಟು ಹೇಳ್ತೀನಿ" ಎಂದೆ. ಎರಡು ಕೊಡ ನೀರು ತುಂಬಿಕೊಂಡು ಅವನ ಪಕ್ಕದ ಸೀಟು ಹತ್ತಿ ಕೂತೆ.